ಎಪ್ಪತ್ತೈದರ ಎಂಜಿಬಿ: ಯಾರಿಗೂ ಬೇಡವಾದ ವರ್ಷದ ಕಥೆ

ಎಂಜಿ ಅಂದರೆ ಬೆಂಗಳೂರಿನವರಾದ ನಮಗೆ ಮೊದಲು ನೆನಪಾಗೋದು ಎಂಜಿ ರೋಡು. ಈಗೀಗ ಹೆಕ್ಟರ್ ಕಾರಿನ ಮೂತಿಯ ಮೇಲಿರುವ ಎಂಟು ಮೂಲೆಯ ಬಿಲ್ಲೆಯೂ ನೆನಪಾಗಬಹುದು. ಆ ಬಿಲ್ಲೆಯ ಎಂಜಿಗೂ ಗಾಂಧೀಜಿಗೂ ಸಂಬಂಧ ಇಲ್ಲ ಬಿಡಿ :) ಅದು ಮಾರಿಸ್ ಗ್ಯಾರೇಜಸ್. ಇಂಗ್ಲೆಂಡಿನ ಆಕ್ಸ್‌ಫರ್ಡ್ ಊರಲ್ಲಿ ವಿಲಿಯಂ ಮಾರಿಸ್ ಎಂಬಾತ ಇಟ್ಟಿದ್ದ ಕಾರು ಮಾರಾಟದ ಅಂಗಡಿಯ ಹೆಸರು. ಆ ಅಂಗಡಿಯ ಮ್ಯಾನೇಜರ್ ಆಗಿ 1922ರಲ್ಲಿ ಕೂತ ಸೆಸಿಲ್ ಕಿಂಬರ್, ಮಾರಿಸ್ ಕಂಪನಿಯ ಸಾದಾ ಕಾರುಗಳಿಗೆ ಚೆಂದದ ಬಾಡಿ ಕಟ್ಟಿಸಿ ಮಾರತೊಡಗಿದ. ಅಲ್ಲಿಂದ ಹುಟ್ಟಿದ್ದು ಎಂಜಿ.

ಇನ್ನೊಂದು ನಂಟು ಇದಕ್ಕಿಂತ ಹತ್ತಿರದ್ದು. ನಮ್ಮ ಅಂಬಾಸಿಡರ್ ಇದೆಯಲ್ಲ, ವಿಧಾನಸೌಧದ ಮುಂದೆ ಸಾಲಾಗಿ ನಿಲ್ಲುತ್ತಿದ್ದ ಬಿಳೀ ಅಂಬಾಸಿಡರ್, ಅದೂ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಭಾರತೀಯ ರೂಪ. ಅದರೊಳಗೆ ದಶಕಗಟ್ಟಲೆ ಗೊರಗುಟ್ಟಿದ 1489 ಸಿಸಿ ಪೆಟ್ರೋಲ್ ಎಂಜಿನ್ನು ಬಿಎಂಸಿ ಎಂಬ ಇಂಗ್ಲಿಷ್ ಕಂಪನಿಯ ಬಿ-ಸೀರೀಸ್ ಎಂಜಿನ್ನು. ಅದೇ ಎಂಜಿನ್ನಿನ ಬೋರ್ ದೊಡ್ಡದು ಮಾಡಿ 1798 ಸಿಸಿಗೆ ಏರಿಸಿ, ಎರಡು ಎಸ್‌ಯು ಕಾರ್ಬುರೇಟರ್ ಕಟ್ಟಿದರೆ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರಿನ ಎಂಜಿನ್. ಅಂದರೆ ಶಾಸಕರನ್ನು ಹೊತ್ತ ಅಂಬಾಸಿಡರೂ, ಕ್ಯಾಲಿಫೋರ್ನಿಯಾದ ಕಡಲದಂಡೆಯಲ್ಲಿ ಟಾಪ್ ಇಳಿಸಿಕೊಂಡು ಓಡಿದ ಕೆಂಪು ಎಂಜಿಬಿಯೂ ದಾಯಾದಿಗಳು!

ಇದನ್ನೆಲ್ಲ ಈಗ ಯಾಕೆ ಕೊರೀತಾ ಇದ್ದೀನಿ ಅಂದರೆ, ಸ್ಯಾನ್ ಹೋಸೆಯಲ್ಲಿರುವ ನನ್ನ ಭಾವನಿಗೆ ಒಂದು ಎಂಜಿಬಿ ಬೇಕಂತೆ. ಈ ವರ್ಷ ರಿಟೈರ್ ಆಗ್ತಿದ್ದಾರೆ. ಅವರ ತಂದೆ ಹಾಸನದಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದವರು, ಭಾವ ಚಿಕ್ಕಂದಿನಲ್ಲಿ ಅದೇ ಎಂಜಿನ್ನಿನ ಟ್ಯಾಪೆಟ್ ಸರಿಮಾಡುತ್ತ ಬೆಳೆದವರು. "ಕಂಪ್ಯೂಟರ್ ಇಲ್ಲದ ಕಾರು ಬೇಕು ಕಣಯ್ಯ, ಬಾನೆಟ್ ಎತ್ತಿದರೆ ನನಗೆ ಅರ್ಥ ಆಗಬೇಕು. ನೀನು ಹಳೇ ಕಾರಿನ ಪುರಾಣ ಎಲ್ಲಾ ಓದಿರ್ತೀಯಲ್ಲ, ಯಾವ ವರ್ಷದ್ದು ತಗೊಳ್ಳಲಿ ಹೇಳು" ಅಂದರು. ಮಾರನೇ ದಿನ ಅಕ್ಕನ ಫೋನು: "ಅವರಿಗೆ ಕಾರು ಕೊಡಿಸೋದು ಬಿಡೋದು ಆಮೇಲೆ, ರಿಟೈರ್ಮೆಂಟ್ ದುಡ್ಡು ಮುಳುಗದ ಹಾಗೆ ನೋಡ್ಕೋ!"

ಭಾವ ನೋಡಿಟ್ಟಿದ್ದು ಮೂರು ಕಾರು. 1974ರದ್ದು ಒಂದು, 1975ರದ್ದು ಒಂದು, 1976ರದ್ದು ಒಂದು. ಮೂರೂ ಎಂಜಿಬಿ, ಮೂರಕ್ಕೂ ಅದೇ ಎಂಜಿನ್ನು. ಆದರೆ ಎಂಜಿಬಿ ಪ್ರಿಯರನ್ನು ಕೇಳಿದರೆ ಇವುಗಳ ನಡುವೆ ಇರೋದು ಒಂದು ವರ್ಷದ ಅಂತರ ಅಲ್ಲ, ಒಂದು ಯುಗದ ಅಂತರ ಅಂತಾರೆ. ಅದು ಯಾಕೆ ಅಂತ ಹುಡುಕುತ್ತಾ ಹೋದರೆ ಕಾರಿನ ಕಥೆಗಿಂತ ಒಂದು ದೇಶದ ಕೈಗಾರಿಕೆಯ ಕಥೆಯೇ ಬಿಚ್ಚಿಕೊಂಡಿತು. ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಂದುಕೊಂಡು ಕೂತುಕೊಳ್ಳಿ.

ಹೊಟ್ಟೆಪಾಡಿಗೆ ಹೊರಟ ಕಾರು

ಎಂಜಿ ಕಾರುಗಳು 1929ರಿಂದ ತಯಾರಾಗುತ್ತಿದ್ದದ್ದು ಆಕ್ಸ್‌ಫರ್ಡಿಗೆ ಹತ್ತಿರದ ಆಬಿಂಗ್ಡನ್ ಎಂಬ ಸಣ್ಣ ಊರಲ್ಲಿ. ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟನ್ನಿನ ಖಜಾನೆ ಬರಿದಾಗಿತ್ತು. ಡಾಲರ್ ತಂದುಕೊಡುವ ಕಂಪನಿಗೆ ಮಾತ್ರ ಉಕ್ಕು ಸಿಗುವ ಕಾಲ. 1945ರಲ್ಲಿ ಬಂದ ಎಂಜಿ ಟಿಸಿ ಎಂಬ ಹಳೇ ಶೈಲಿಯ ಪುಟ್ಟ ಕಾರು ಅಮೆರಿಕನ್ನರ ಮನಸ್ಸು ಕದ್ದಿತು. ಅದು ಬಲಗೈ ಸ್ಟೀರಿಂಗಿನದು, ಅಮೆರಿಕದ ರಸ್ತೆಗೆ ಹೊಂದುವಂಥದ್ದೇ ಅಲ್ಲ, ಆದರೂ ಕೊಂಡರು. 1955ರಲ್ಲಿ ಬಂದ ಎಂಜಿಎ ಒಂದು ಲಕ್ಷಕ್ಕೂ ಹೆಚ್ಚು ತಯಾರಾಯಿತು, ಅದರಲ್ಲಿ ಬಹುಪಾಲು ಅಮೆರಿಕಕ್ಕೇ ಹೋದವು. ಅಲ್ಲಿಂದ ಮುಂದೆ ಆಬಿಂಗ್ಡನ್ನಿನ ಅನ್ನದ ತಟ್ಟೆ ಅಟ್ಲಾಂಟಿಕ್ ಸಾಗರದ ಆಚೆ ಇತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕಥೆಯ ಕೀಲಿಕೈ ಇಲ್ಲೇ ಇದೆ.

1962ರಲ್ಲಿ ಎಂಜಿಬಿ ಬಂತು. ಸಿಡ್ ಎನೆವರ್ ಎಂಬ ಎಂಜಿನಿಯರ್ ಮುಂದಾಳತ್ವ, ರೂಪ ಬರೆದವರು ಡಾನ್ ಹೇಟರ್. ಹಿಂದಿನ ಎಂಜಿಎಗೆ ಲಾರಿಯಂತೆ ಬೇರೆಯೇ ಚಾಸಿ ಇತ್ತು. ಎಂಜಿಬಿಗೆ ಅದಿಲ್ಲ, ಬಾಡಿಯೇ ಚಾಸಿ. ಇದನ್ನು ಮಾನೊಕಾಕ್ ಅಂತಾರೆ. 95 ಅಶ್ವಶಕ್ತಿ, ಗಂಟೆಗೆ ನೂರು ಮೈಲಿ ದಾಟುವ ವೇಗ. ಆ ಕಾಲಕ್ಕೆ, ಮಧ್ಯಮ ವರ್ಗದವರ ಕೈಗೆಟುಕುವ ಬೆಲೆಗೆ, ಇದು ಸಣ್ಣ ಮಾತಲ್ಲ.

ಮೊದಲ ಕಾರುಗಳ ಕ್ರ್ಯಾಂಕ್ ಶಾಫ್ಟಿಗೆ ಮೂರು ಮೈನ್ ಬೇರಿಂಗ್. 1964ರ ಕೊನೆಯಲ್ಲಿ ಐದು ಬೇರಿಂಗಿನ ಗಟ್ಟಿ ಎಂಜಿನ್ ಬಂತು. 1965ರ ಏಪ್ರಿಲ್‌ವರೆಗಿನ ಕಾರುಗಳ ಬಾಗಿಲಿಗೆ ಎಳೆದು ತೆಗೆಯುವ ಹಿಡಿಕೆ, ಆಮೇಲೆ ಗುಂಡಿ ಒತ್ತುವ ಹಿಡಿಕೆ. ಈ ಎಳೆಯುವ ಹಿಡಿಕೆಯ ಕಾರಿಗೆ ಈಗ ಸಂಗ್ರಹಕಾರರು ಹೆಚ್ಚು ದುಡ್ಡು ಕೊಡುತ್ತಾರೆ. 1965ರಲ್ಲೇ ಇಟಲಿಯ ಪಿನಿನ್‌ಫರೀನಾ ನೆರವಿನಿಂದ ಗಟ್ಟಿ ಮಾಡಿನ ಎಂಜಿಬಿ ಜಿಟಿ ಕೂಡ ಬಂತು. ಆವರೆಗೆ ವರ್ಷ ವರ್ಷವೂ ಕಾರು ಉತ್ತಮವಾಗುತ್ತಲೇ ಹೋಯಿತು. ಬದಲಾವಣೆಗಳೆಲ್ಲ ಎಂಜಿನಿಯರುಗಳ ತಲೆಯಿಂದ ಬಂದಂಥವು.

ವಾಷಿಂಗ್ಟನ್ನಿನಿಂದ ಬಂದ ಬದಲಾವಣೆ

ಅರವತ್ತೇಳರ ನಂತರ ಬದಲಾವಣೆಗಳು ಬೇರೆ ಕಡೆಯಿಂದ ಬರತೊಡಗಿದವು. ರಾಲ್ಫ್ ನೇಡರ್ 1965ರಲ್ಲಿ ಅಮೆರಿಕದ ಕಾರುಗಳ ಅಪಾಯದ ಬಗ್ಗೆ ಪುಸ್ತಕ ಬರೆದು ದೊಡ್ಡ ಗದ್ದಲ ಎಬ್ಬಿಸಿದ್ದ. 1966ರಲ್ಲಿ ಅಲ್ಲಿನ ಸಂಸತ್ತು ವಾಹನ ಸುರಕ್ಷೆಯ ಕಾನೂನು ಮಾಡಿತು. 1968ರ ಜನವರಿ 1ರಿಂದ ಮೊದಲ ನಿಯಮಗಳು ಜಾರಿ. ನೋಡಿ, ಇದು ಒಳ್ಳೆಯ ಕಾನೂನೇ. ರಸ್ತೆಯಲ್ಲಿ ಸಾವಿರಾರು ಜನ ಸಾಯುತ್ತಿದ್ದಾಗ ಅದು ಬೇಕಿತ್ತು. ಆದರೆ ಆಬಿಂಗ್ಡನ್ನಿನ ಸಣ್ಣ ಡ್ರಾಯಿಂಗ್ ಆಫೀಸಿನ ಪಾಲಿಗೆ, ಇನ್ನು ಮುಂದೆ ಹೊಸ ಕಾರು ಯೋಚಿಸುವ ಬದಲು ಇದ್ದ ಕಾರನ್ನು ಅಮೆರಿಕದ ನಿಯಮಕ್ಕೆ ಒಗ್ಗಿಸುವುದೇ ಕೆಲಸವಾಯಿತು.

1968ರ ಮಾದರಿ ಆ ಸಂಧಿಕಾಲದ ಕಾರು. ಒಂದು ಕಡೆ ಒಳ್ಳೆಯ ಬದಲಾವಣೆ: ಮೊದಲ ಗೇರಿಗೂ ಸಿಂಕ್ರೋ, ಡೈನಮೋ ಬದಲು ಆಲ್ಟರ್ನೇಟರ್. ಇನ್ನೊಂದು ಕಡೆ ಅಮೆರಿಕದ ಕಾರಿಗೆ ಮಾತ್ರ ಅಪಘಾತದಲ್ಲಿ ಕುಗ್ಗುವ ಸ್ಟೀರಿಂಗ್, ಎರಡು ಸರ್ಕ್ಯೂಟಿನ ಬ್ರೇಕು, ಮುಖ ಹೊಡೆದರೆ ಪೆಟ್ಟಾಗದಂತೆ ದಪ್ಪ ಮೆತ್ತೆ ಹೊದೆಸಿದ ಡ್ಯಾಶ್‌ಬೋರ್ಡು. ಈ ಮೆತ್ತೆಯನ್ನು ಜನ ಆಬಿಂಗ್ಡನ್ ದಿಂಬು ಅಂತ ಆಡಿಕೊಂಡರು :) ಆಮೇಲೆ, ಗಾಜಿನ ಇಂತಿಷ್ಟು ಭಾಗ ಒರೆಸಲೇಬೇಕು ಅನ್ನೋ ನಿಯಮಕ್ಕೆ, ಗಿಡ್ಡ ಗಾಜಿಗೆ ಮೂರು ವೈಪರ್ ಕೂಡ ಬಂತು!

ಅದೇ 1968ರಲ್ಲಿ ಇನ್ನೊಂದು ಘಟನೆ. ಬ್ರಿಟನ್ನಿನ ಕಾರು ಕಂಪನಿಗಳೆಲ್ಲ ಒಂದೊಂದಾಗಿ ಸೇರಿ ಬ್ರಿಟಿಷ್ ಲೇಲ್ಯಾಂಡ್ ಎಂಬ ಅವಿಭಕ್ತ ಕುಟುಂಬ ಆಯಿತು. ಆಸ್ಟಿನ್, ಮಾರಿಸ್, ಜಾಗ್ವಾರ್, ರೋವರ್, ಟ್ರಯಂಫ್, ಎಂಜಿ ಎಲ್ಲಾ ಒಂದೇ ಮನೆಯಲ್ಲಿ. ಅವಿಭಕ್ತ ಕುಟುಂಬದ ಅಡುಗೆಮನೆ ರಾಜಕೀಯ ನಿಮಗೆ ಗೊತ್ತೇ ಇದೆ. ಯಜಮಾನಿಕೆ ಸಿಕ್ಕಿದ್ದು ಲೇಲ್ಯಾಂಡಿನ ಲಾರ್ಡ್ ಸ್ಟೋಕ್ಸ್‌ಗೆ. ಟ್ರಯಂಫ್ ಮೊದಲಿಂದಲೂ ಅವರ ಮನೆಯ ಮಗು, ಎಂಜಿ ಆಮೇಲೆ ಬಂದದ್ದು. ಎರಡೂ ಸ್ಪೋರ್ಟ್ಸ್ ಕಾರು ಮಾಡುವವೇ, ಎರಡೂ ಅಮೆರಿಕದಲ್ಲಿ ಮಾರುವವೇ. ಹೊಸ ಕಾರಿಗೆ ದುಡ್ಡು ಯಾರಿಗೆ? ಆಬಿಂಗ್ಡನ್ನಿನವರು ಮಧ್ಯದಲ್ಲಿ ಎಂಜಿನ್ ಇರುವ ಎಡಿಒ21 ಎಂಬ ಹೊಸ ಎಂಜಿ ಯೋಜನೆ ಮುಂದಿಟ್ಟರು. ಅದು ಬೆಳಕು ಕಾಣಲೇ ಇಲ್ಲ. ದುಡ್ಡು ಹೋದದ್ದು ಟ್ರಯಂಫ್ ಟಿಆರ್7ಗೆ.

ಹೊಸ ಕಾರು ಇಲ್ಲದಾಗ ಹಳೆಯದಕ್ಕೆ ಹೊಸ ಸೀರೆ. 1970ರ ಮಾದರಿಗೆ ಕ್ರೋಮ್ ಗ್ರಿಲ್ ತೆಗೆದು ಒಳಕ್ಕೆ ಹೋದ ಕಪ್ಪು ಗ್ರಿಲ್ ಹಾಕಿದರು, ಚರ್ಮದ ಸೀಟು ಹೋಗಿ ರೆಕ್ಸಿನ್ ಬಂತು. ಜನಕ್ಕೆ ಆ ಗ್ರಿಲ್ ಹಿಡಿಸಲಿಲ್ಲ. 1973ರ ಮಾದರಿಗೆ ಮತ್ತೆ ಕ್ರೋಮ್ ಚೌಕಟ್ಟು ವಾಪಸ್ಸು. ಎಂಜಿಬಿ ಕೊಳ್ಳುವವರು ಗ್ರಿಲ್ ನೋಡಿಯೇ ವರ್ಷ ಹೇಳುತ್ತಾರೆ. ನನಗಂತೂ ಆ ಗ್ರಿಲ್‌ಗಳಲ್ಲಿ ಕಾಣೋದು ಖಾಲಿ ತಿಜೋರಿ.

ರಬ್ಬರ್ ಬಂಪರ್

ಈಗ ಭಾವನ ಮೂರು ಕಾರುಗಳ ಕಾಲಕ್ಕೆ ಬರೋಣ. ಎಪ್ಪತ್ತರ ದಶಕದ ಅಮೆರಿಕದಲ್ಲಿ ಎರಡು ಕಾನೂನುಗಳು ಬಿಗಿಯಾಗುತ್ತಾ ಹೋದವು. ಒಂದು, 1970ರ ಶುದ್ಧ ಗಾಳಿ ಕಾಯ್ದೆ. ಇನ್ನೊಂದು ಬಂಪರ್ ನಿಯಮ: ಗಂಟೆಗೆ 5 ಮೈಲಿ ವೇಗದಲ್ಲಿ ಗುದ್ದಿದರೂ ದೀಪ ಮುಂತಾದವಕ್ಕೆ ಏನೂ ಆಗಬಾರದು. 1974ರ ಮಾದರಿಗೆ ತೇಪೆ ಹಾಕಿದರು. ಕ್ರೋಮ್ ಬಂಪರನ್ನೇ ಉಳಿಸಿ, ಅದರ ಮೇಲೆ ಎರಡು ದೊಡ್ಡ ಕಪ್ಪು ರಬ್ಬರ್ ಗುಬುಟು. ಭಾವ ನೋಡಿದ 1974ರ ಕಾರು ಇದೇ.

1974ರ ಸೆಪ್ಟೆಂಬರಿನಲ್ಲಿ, ಅಂದರೆ 1975ರ ಮಾದರಿಗೆ, ತೇಪೆಯೂ ಸಾಲದಾಯಿತು. ಉಕ್ಕಿನ ತೊಲೆಯ ಮೇಲೆ ಕಪ್ಪು ಪಾಲಿಯುರಿಥೇನ್ ಹೊದೆಸಿದ ಭಾರೀ ಬಂಪರು ಬಂತು, ಕಾರಿನ ಮುಖವೇ ಬದಲಾಯಿತು. ಬಂಪರೂ ಹೆಡ್‌ಲೈಟೂ ನೆಲದಿಂದ ಇಂತಿಷ್ಟು ಎತ್ತರ ಇರಬೇಕೆಂಬ ನಿಯಮ ಬೇರೆ. ಮೂತಿಯನ್ನು ಹೊಸದಾಗಿ ವಿನ್ಯಾಸ ಮಾಡಲು ದುಡ್ಡಿಲ್ಲ. ಹಾಗಾಗಿ ಇಡೀ ಕಾರನ್ನೇ ಒಂದು-ಒಂದೂವರೆ ಇಂಚು ಎತ್ತಿ ನಿಲ್ಲಿಸಿಬಿಟ್ಟರು! ಅದು ಸಾಲದು ಅಂತ, ಖರ್ಚು ಉಳಿಸಲು ಮುಂದಿನ ಆ್ಯಂಟಿರೋಲ್ ಬಾರ್ ಕಿತ್ತುಹಾಕಿದರು. ತಿರುವಿನಲ್ಲಿ ಕಾರು ಒಂದು ಕಡೆ ವಾಲದಂತೆ ಹಿಡಿದಿಡುವ ಸರಳು ಅದು. ಎತ್ತರಕ್ಕೇರಿಸಿದ ಕಾರಿಗೆ ಅದು ಹೆಚ್ಚು ಬೇಕಿತ್ತು, ಆಗಲೇ ತೆಗೆದರು. ಹೊಗೆ ನಿಯಮಕ್ಕಾಗಿ ಎರಡು ಎಸ್‌ಯು ಕಾರ್ಬುರೇಟರ್ ಹೋಗಿ ಒಂದೇ ಜೆನಿತ್-ಸ್ಟ್ರಾಂಬರ್ಗ್ ಬಂತು. 1962ರಲ್ಲಿ 95 ಇದ್ದ ಅಶ್ವಶಕ್ತಿ, ಅಳೆಯುವ ಕ್ರಮ ಬೇರೆಯಾದದ್ದನ್ನು ಲೆಕ್ಕಕ್ಕೆ ಹಿಡಿದರೂ, ಅಮೆರಿಕದ ಕಾರಿನಲ್ಲಿ 62ರ ಆಸುಪಾಸಿಗೆ ಇಳಿದದ್ದು ದೊಡ್ಡ ಕುಸಿತವೇ.

1975ರಲ್ಲೇ ದಿವಾಳಿಯ ಅಂಚಿನಲ್ಲಿದ್ದ ಬ್ರಿಟಿಷ್ ಲೇಲ್ಯಾಂಡನ್ನು ಸರ್ಕಾರ ವಹಿಸಿಕೊಂಡಿತು. 1973ರ ತೈಲ ಬಿಕ್ಕಟ್ಟಿನ ಪೆಟ್ಟು ಇನ್ನೂ ಮಾಸಿರಲಿಲ್ಲ. ಅಮೆರಿಕದ ಕಾನೂನು, ಲೇಲ್ಯಾಂಡಿನ ಬಡತನ, ಅರಬ್ಬರ ಎಣ್ಣೆ ಮೂರೂ ಬಂದು ಕೂಡಿದ ಸಂಗಮವೇ 1975ರ ಎಂಜಿಬಿ. ಅದಕ್ಕೇ ಅದು ಯಾರಿಗೂ ಬೇಡವಾದ ವರ್ಷ.

ಆಮೇಲೆ? 1977ರ ಮಾದರಿಗೆ ಮುಂದೆ-ಹಿಂದೆ ಎರಡೂ ಕಡೆ ಆ್ಯಂಟಿರೋಲ್ ಬಾರ್ ಹಾಕಿ ತಿರುವಿನ ನಡೆ ಎಷ್ಟೋ ಸರಿಮಾಡಿದರು. ಆದರೆ ಪೌಂಡಿನ ಬೆಲೆ ಏರಿ, ಅಮೆರಿಕಕ್ಕೆ ಕಳಿಸಿದ ಪ್ರತಿ ಎಂಜಿಬಿಯೂ ನಷ್ಟ ಎಂದಿತು ಕಂಪನಿ. 1979ರ ಸೆಪ್ಟೆಂಬರಿನಲ್ಲಿ ಆಬಿಂಗ್ಡನ್ ಊರಿಗೆ ಊರೇ ಎಂಜಿಯ ಐವತ್ತು ವರ್ಷದ ಹಬ್ಬ ಮಾಡಿತು. ಅದರ ಬೆನ್ನಿಗೇ, 10ನೇ ತಾರೀಕು ಸೋಮವಾರ, ಅಲ್ಲಿ ಎಂಜಿ ತಯಾರಿಕೆ ನಿಲ್ಲಿಸುವ ಸುದ್ದಿ ಬಂತು. ಊರವರು ಅದನ್ನು ಕರಾಳ ಸೋಮವಾರ ಅಂದರು. ಆ್ಯಸ್ಟನ್ ಮಾರ್ಟಿನ್ ಕಂಪನಿಯ ಅಲನ್ ಕರ್ಟಿಸ್ ಮುಂದಾಳತ್ವದ ಗುಂಪೊಂದು ಕೊಳ್ಳಲು ಮುಂದೆ ಬಂತು, ಅದೂ ಕೈಗೂಡಲಿಲ್ಲ. 1980ರ ಅಕ್ಟೋಬರಿನಲ್ಲಿ ಕೊನೆಯ ಎಂಜಿಬಿ ಹೊರಬಂತು. ಹದಿನೆಂಟು ವರ್ಷದಲ್ಲಿ ಐದು ಲಕ್ಷಕ್ಕೂ ಮಿಕ್ಕಿ ಕಾರು!

ಹಾಗಾದರೆ ಯಾವುದು ಕೊಳ್ಳೋದು?

ಮೊದಲು ವರ್ಷ ಅಂದರೆ ಏನು ಅನ್ನೋದೇ ತಕರಾರು. ಅಮೆರಿಕದ ಮಾದರಿ ವರ್ಷ ಹಿಂದಿನ ಶರತ್ಕಾಲಕ್ಕೇ ಶುರು. 1974ರ ಕೊನೆಯ ತಿಂಗಳುಗಳಲ್ಲಿ ತಯಾರಾದ ರಬ್ಬರ್ ಬಂಪರಿನ ಕಾರುಗಳನ್ನು ಅಲ್ಲಿ ಎಪ್ಪತ್ನಾಲ್ಕೂವರೆ ಅಂತ ಕರೆಯುತ್ತಾರೆ. ಪುರಾವೆ ಇರೋದು ಚಾಸಿ ನಂಬರಿನಲ್ಲಿ. ಜಿಎಚ್‌ಎನ್5ಯುಇ ಅಂತ ಶುರುವಾದರೆ 1974ರ ಮಾದರಿ. ಇಲ್ಲಿ ಜಿ ಅಂದರೆ ಎಂಜಿ, ಎಚ್ ಅಂದರೆ ಎಂಜಿನ್ನಿನ ಅಳತೆಯ ವರ್ಗ, ಎನ್ ಅಂದರೆ ಎರಡು ಸೀಟಿನ ತೆರೆದ ಕಾರು, ಯು ಅಂದರೆ ಅಮೆರಿಕ, ಕೊನೆಯ ಅಕ್ಷರ ವರ್ಷ. ಕೊನೆಯಲ್ಲಿ ಎಫ್ ಇದ್ದರೆ 1975, ಜಿ ಇದ್ದರೆ 1976. ಪಕ್ಕಾ ತಾರೀಕೇ ಬೇಕು ಅಂದರೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಹಳೇ ದಾಖಲೆ ನೋಡಿ ಪ್ರಮಾಣಪತ್ರ ಕೊಡುತ್ತದೆ.

ಈ ಅಕ್ಷರಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಚಿನ್ನದ ಬೆಲೆ. 1975 ಮತ್ತು ಅದಕ್ಕಿಂತ ಹಿಂದಿನ ಮಾದರಿಯ ಪೆಟ್ರೋಲ್ ಕಾರುಗಳಿಗೆ ಅಲ್ಲಿ ಹೊಗೆ ತಪಾಸಣೆಯಿಂದ ವಿನಾಯಿತಿ. 1976ರ ಕಾರಿಗೆ ಎರಡು ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯ. ಅದೂ ಹೊಗೆ ಅಳೆದು ಬಿಡೋದಲ್ಲ, ಆ ಕಾಲದ ಏರ್ ಪಂಪು, ಕೊಳವೆ ಎಲ್ಲ ಜಾಗದಲ್ಲಿವೆಯಾ ಅಂತ ಕಣ್ಣಲ್ಲೂ ನೋಡುತ್ತಾರೆ. ಐವತ್ತು ವರ್ಷ ಹಳೆಯ ಆ ಬಿಡಿಭಾಗಗಳನ್ನು ಹುಡುಕಿ ಕೂರಿಸೋದು ರಿಟೈರಾದವರ ಹವ್ಯಾಸ ಆಗಬಾರದು, ಶಿಕ್ಷೆ ಆಗುತ್ತೆ. ಹಾಗಾಗಿ ಭಾವನ 1976ರ ಕಾರು, ಬಣ್ಣ ಎಷ್ಟೇ ಹೊಳೆಯುತ್ತಿದ್ದರೂ, ಪಟ್ಟಿಯಿಂದ ಹೊರಗೆ. ಒಂದು ಮಾತು: ತಪಾಸಣೆ ಇಲ್ಲ ಅಂದ ಮಾತ್ರಕ್ಕೆ ಹಳೇ ಕಾರಿನ ಹೊಗೆ ನಿಯಂತ್ರಣ ಭಾಗ ಕಿತ್ತೆಸೆಯಲು ಕಾನೂನು ಬಿಟ್ಟಿದೆ ಅಂತಲ್ಲ.

ಉಳಿದದ್ದು ಎಪ್ಪತ್ನಾಲ್ಕು, ಎಪ್ಪತ್ತೈದು. ನೋಟಕ್ಕೆ ಎಪ್ಪತ್ನಾಲ್ಕೇ ಸರಿ. ಕ್ರೋಮ್ ಇದೆ, ಎರಡು ಕಾರ್ಬುರೇಟರ್ ಇದೆ, ಸರಿಯಾದ ಎತ್ತರ ಇದೆ. ಬೆಲೆಯೂ ಹೆಚ್ಚು. ಆದರೆ ಅದು ಅಮೆರಿಕದ ಪೂರ್ವ ರಾಜ್ಯವೊಂದರಿಂದ ಬಂದ ಕಾರು. ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಲು ರಸ್ತೆಗೆ ಉಪ್ಪು ಎರಚುತ್ತಾರೆ. ಮೊದಲೇ ಹೇಳಿದೆನಲ್ಲ, ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಬೆನ್ನುಮೂಳೆ. ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ತಗಡಿಗೆ ಸಿಲ್ ಅಂತಾರೆ, ಮಾಡಿಲ್ಲದ ಕಾರಿಗೆ ಬಲ ಬರೋದೇ ಅದರಿಂದ. ಅದು ತುಕ್ಕು ಹಿಡಿದರೆ ಮೇಲೆ ಎಷ್ಟು ಪೇಂಟ್ ಬಳಿದರೂ ಒಳಗೆ ಗೆದ್ದಲು ಹಿಡಿದ ತೊಲೆ. ಪರೀಕ್ಷೆ ಸುಲಭ: ಜ್ಯಾಕ್ ಕೊಟ್ಟು ಒಂದು ಬದಿ ಎತ್ತಿ, ಬಾಗಿಲ ಸಂದು ನೋಡಿ. ಎತ್ತಿದಾಗ ಸಂದು ಕಿರಿದಾಗಿ ಬಾಗಿಲು ಸಿಕ್ಕಿಕೊಂಡರೆ ಕಾರು ನಡುವೆ ಬಗ್ಗುತ್ತಿದೆ ಅಂತ ಅರ್ಥ. ಭಾವ ಎತ್ತಿ ನೋಡಿದರು. ಬಾಗಿಲು ತೆಗೆಯೋಕೇ ಆಗಲಿಲ್ಲವಂತೆ!

1975ರ ಕಾರು ಹುಟ್ಟಿದಾಗಿನಿಂದ ಒಣ ಕ್ಯಾಲಿಫೋರ್ನಿಯಾದಲ್ಲೇ ಇದ್ದದ್ದು. ಅದೇ ಪರೀಕ್ಷೆಯಲ್ಲಿ ಸಂದು ಕೂದಲೆಳೆಯೂ ಅಲುಗಲಿಲ್ಲ. ಚಾಸಿ ನಂಬರಿನಲ್ಲಿ ಎಫ್. ಬೆಲೆ ಮೂರರಲ್ಲಿ ಕಡಿಮೆ. ಎತ್ತರ ಇಳಿಸಲು ಬೇರೆ ಸ್ಪ್ರಿಂಗ್ ಸಿಗುತ್ತವೆ, ಕಿತ್ತುಹಾಕಿದ್ದ ಆ್ಯಂಟಿರೋಲ್ ಬಾರೂ ಹೊಸದು ಸಿಗುತ್ತೆ, ಎರಡೂ ಮನೆಯ ಗ್ಯಾರೇಜಿನಲ್ಲೇ ಹಾಕಬಹುದಾದ ಕೆಲಸ. ಲೇಲ್ಯಾಂಡ್ ಉಳಿಸಿದ ಪುಡಿಗಾಸನ್ನು ಐವತ್ತು ವರ್ಷದ ಮೇಲೆ ಭಾವ ತಮ್ಮ ಕಿಸೆಯಿಂದ ಕೊಟ್ಟರೆ ಮುಗಿಯಿತು. ವೇಗ ಕಡಿಮೆ, ನಿಜ. ಆದರೆ ಸಿಲ್ ಹಾಳಾದ ಕಾರನ್ನು ಸರಿಮಾಡಿಸುವ ಖರ್ಚಿನ ಮುಂದೆ ಅದೇನೂ ಅಲ್ಲ.

"ಭಾವ, ಎಪ್ಪತ್ತೈದು ತಗೊಳ್ಳಿ" ಅಂದೆ. "ಕ್ಲಬ್ಬಿನವರು ನಗ್ತಾರಲ್ಲೋ" ಅಂದರು. "ನಗಲಿ ಬಿಡಿ, ಅವರು ನಗೋದರಿಂದಲೇ ನಿಮಗೆ ಈ ಬೆಲೆಗೆ ಸಿಕ್ತಾ ಇರೋದು" ಅಂದೆ. ಅಕ್ಕನಿಗೆ ಈ ತರ್ಕ ಹಿಡಿಸಿತು :)

ಇಷ್ಟೆಲ್ಲ ಓದಿದ ಮೇಲೆ ನನಗನ್ನಿಸಿದ್ದು ಇದು. ಸಂಗ್ರಹಕಾರರು ಒಳ್ಳೆಯ ವರ್ಷ, ಕೆಟ್ಟ ವರ್ಷ ಅಂತ ಗೆರೆ ಎಳೆಯುವಾಗ ಕಾರನ್ನು ಕೆಟ್ಟದಾಗಿ ಮಾಡಿದರು ಅನ್ನೋ ಧ್ವನಿ ಇರುತ್ತೆ. ಆದರೆ 1962ರ ಕಾರು ಜೋಡಿಸಿದ ಆಬಿಂಗ್ಡನ್ನಿನ ಅದೇ ಜನ, ಅದೇ ಶೆಡ್ಡಿನಲ್ಲಿ, ಎಷ್ಟೋ ಸಲ ಅವರ ಮಕ್ಕಳು, 1975ರ ಕಾರನ್ನೂ ಜೋಡಿಸಿದರು. ಕೈಗಳು ಕೆಟ್ಟಿರಲಿಲ್ಲ. ಮೇಲಿನವರು ಕೊಟ್ಟ ದುಡ್ಡು, ಹೊರಗಿನವರು ಕೊಟ್ಟ ನಿಯಮ, ಇವೆರಡರ ನಡುವೆ ಮಾಡಬಹುದಾದ್ದನ್ನು ಮಾಡಿದರು. ನಮ್ಮ ಉತ್ತರಪಾರಾದ ಕಾರ್ಖಾನೆಯಲ್ಲಿ 2014ರವರೆಗೂ ಅಂಬಾಸಿಡರ್ ಜೋಡಿಸಿದವರ ಕಥೆಯೂ ಇದಕ್ಕಿಂತ ತೀರಾ ಬೇರೆಯಲ್ಲ. ಮಾರುವಷ್ಟು ದಿನ ಹಾಲು ಕರೆದರು, ಹೊಸ ಹುಲ್ಲು ಹಾಕಲಿಲ್ಲ.

ಎಂಜಿ ಹೆಸರು ಮಾತ್ರ ಸಾಯಲಿಲ್ಲ. 2005ರಲ್ಲಿ ಚೀನಾದ ನಾನ್‌ಜಿಂಗ್ ಕಂಪನಿ ಕೊಂಡಿತು, ಅದು 2007ರಲ್ಲಿ ಎಸ್‌ಎಐಸಿ ಜೊತೆ ಸೇರಿತು, 2019ರಿಂದ ಗುಜರಾತಿನ ಹಾಲೋಲ್‌ನಲ್ಲಿ ಎಂಜಿ ಬಿಲ್ಲೆಯ ಕಾರು ತಯಾರಾಗುತ್ತಿದೆ. ಆಬಿಂಗ್ಡನ್ನಿನ ಕಾರ್ಖಾನೆಯ ಬಹುಭಾಗ ಕೆಡವಿದ್ದಾರೆ. ಎಂಟು ಮೂಲೆಯ ಬಿಲ್ಲೆಯನ್ನು ಮಾರಬಹುದು, ಕೊಳ್ಳಬಹುದು, ಹಡಗಿಗೆ ಹಾಕಿ ಸಾಗಿಸಬಹುದು. ಆ ಊರಿನ ಐವತ್ತು ವರ್ಷದ ಕೈಗುಣ ಉಳಿದಿರೋದು ಹಳೇ ಕಾರುಗಳಲ್ಲಿ ಮಾತ್ರ, ಒಳ್ಳೆಯ ವರ್ಷದವು, ಕೆಟ್ಟ ವರ್ಷದವು ಎರಡರಲ್ಲೂ.